ಕೇಳದೆ ಇಟ್ಟುಕೊಳ್ಳುವ ಪೆಟ್ಟಿಗೆ

"ಇವನು ನನ್ನ ಗಂಡ ಅಲ್ಲ ಕಣಪ್ಪಾ," ಅಂದಳು ರಾಯ್ನಾ ಅಜ್ಜಿ. "ನನ್ನ ಮೊಮ್ಮಗ. ಇನ್ನೂ ಬದುಕಿದಾನೆ."

ಕಿಟಕಿಯ ಸರಳುಗಳ ನಡುವಿಂದ ಅವಳ ಕೈ ಒಳಗೆ ಬಂತು. ಕೈಯಲ್ಲಿ ಕಪ್ಪು ಅಂಚಿನ ಹಾಳೆ. ಮೇಲೆ ಶಿಲುಬೆ, ಅದರ ಕೆಳಗೆ 'ನೀವಿಲ್ಲದೆ ಒಂದು ವರ್ಷ', ಅದರ ಕೆಳಗೆ 'ಮಿಂಚೊ ದೊಬ್ರೆವ್'. ನಡುವೆ, ಗಂಡನ ಮುಖ ಇರಬೇಕಾದ ಕಡೆ, ಕಿವಿಗೊಂದು ರಿಂಗು ಹಾಕಿಕೊಂಡು ಗಂಟು ಮುಖ ಮಾಡಿದ ಹತ್ತೊಂಬತ್ತರ ತರುಣ.

ದೆತೆಲಿನ್ ಹಾಳೆ ತೆಗೆದುಕೊಂಡು ದೀಪದ ಕೆಳಗೆ ಹಿಡಿದ.

"ಎಷ್ಟು ಕಡೆ ಅಂಟಿಸಿದೀಯ ಅಜ್ಜಿ?"

"ಏಳು ಕಡೆ. ಬಾಗಿಲಿಗೆ, ಬೇಕರಿ ಹತ್ರ, ಟ್ರಾಮ್ ನಿಲ್ಲೋ ಕಡೆ... ಕನ್ನಡಕ ಹಾಕ್ಕೊಂಡಿರಲಿಲ್ಲ. ಇಪ್ಪತ್ತೊಂದನೇ ನಂಬರಿನ ಸ್ತೆಫ್ಕಾ ಅಳ್ತಾ ಬಂದ್ಲು. ಅಯ್ಯೋ ರಾಯ್ನಾ, ನಿನ್ನ ಮನೆಗೆ ಇದೆಂಥಾ ಗತಿ ಬಂತು, ಮೊನ್ನೆ ತಾನೇ ಬಸ್ಸಲ್ಲಿ ಸೀಟು ಬಿಟ್ಟುಕೊಟ್ಟ ಅಂತ."

ಅಂಗಡಿ ಇದ್ದದ್ದು ಐದು ಮಹಡಿಯ ಕಟ್ಟಡದ ನೆಲಮಾಳಿಗೆಯಲ್ಲಿ. ಅದರ ಒಂದೇ ಕಿಟಕಿ ಕಾಲುದಾರಿಯ ಮಟ್ಟಕ್ಕೆ ತೆರೆಯುತ್ತಿತ್ತು. ಸೋಫಿಯಾ ನಗರದ ಹಳೇ ಬೀದಿಗಳಲ್ಲಿ ಇಂಥ ಅಂಗಡಿಗಳು ಬೇಕಾದಷ್ಟು. ಸಿಗರೇಟು ಬೇಕಾದವನೂ ಬಗ್ಗಬೇಕು, ಜೆರಾಕ್ಸ್ ಬೇಕಾದವನೂ ಬಗ್ಗಬೇಕು. ಒಳಗೆ ಕೂತವನಿಗೆ ಲೋಕ ಅಂದರೆ ಬೂಟುಗಳ ಸಾಲು. ದೆತೆಲಿನ್ ಆರು ವರ್ಷದಿಂದ ಅಲ್ಲಿ ಕೂತು ಇಡೀ ಬೀದಿಯನ್ನು ಬೂಟಿನಿಂದಲೇ ಗುರುತು ಹಿಡಿಯುತ್ತಿದ್ದ. ಶಾಲೆ ಬಿಟ್ಟಾಗ ಚಿಕ್ಕಮ್ಮ ವೆನೆತಾ ಇಲ್ಲಿ ಕೂರಿಸಿದ್ದಳು. ಹಾಗೆ ಕೂತವನು ಕೂತೇ ಇದ್ದ, ಸಿಟ್ಟೂ ಅವನ ಜೊತೆಗೇ ಕೂತಿತ್ತು.

ಅವರ ಮುಖ್ಯ ಕೆಲಸವೇ ಸತ್ತವರ ಮುಖ, ಹೆಸರು ಹಾಕಿ ಬೀದಿಯಲ್ಲಿ ಅಂಟಿಸುವ ಈ ಹಾಳೆಗಳು. ಸತ್ತ ದಿನ ಒಂದು, ನಲವತ್ತನೇ ದಿನ ಒಂದು, ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ಮನೆಯವರಿಗೆ ನೆನಪಿರುವವರೆಗೆ. ಹನ್ನೊಂದು ವರ್ಷದ ಮುಖಗಳೆಲ್ಲ ಒಂದೇ ಒಂದು ಕಪ್ಪು ಹಾರ್ಡ್ ಡಿಸ್ಕಿನಲ್ಲಿ, ಒಂದು ವೈರಿಗೆ ನೇತುಬಿದ್ದಿದ್ದವು. ಚಿಕ್ಕಮ್ಮನ ಕಟ್ಟಪ್ಪಣೆ ಏನೆಂದರೆ ಫೈಲಿಗೆ ಹೆಸರು ಮಾತ್ರ ಹಾಕಬೇಕು, ತಾರೀಖು ಗೀರೀಖು ಬೇಡ. ಆದರೆ ಇಲ್ಲಿ ಯಾರ ಮನೆಯಲ್ಲಿ ನೋಡಿದರೂ ತಾತನ ಹೆಸರು ಮೊಮ್ಮಗನಿಗೆ. ಏಪ್ರಿಲ್‌ನಲ್ಲಿ ಮೊಮ್ಮಗ ಮಿಂಚೊ ದೊಬ್ರೆವ್ ಅರ್ಜಿಗೆಂದು ಫೋಟೊ ತಂದಿದ್ದ. ಈ ಹೆಸರಿನ ಫೈಲ್ ಆಗಲೇ ಇದೆ, ಅದರ ಬದಲು ಇದನ್ನು ಇಡಲೇ ಅಂತ ಯಂತ್ರ ಕೇಳಿತ್ತು. ವಾರಕ್ಕೆ ಎರಡು ಸಲ ಅದು ಹಾಗೆ ಕೇಳುತ್ತದೆ. ದೆತೆಲಿನ್ ನೋಡದೆಯೇ 'ಹೌದು' ಒತ್ತಿದ್ದ.

ತಾತ ಮಿಂಚೊ ಅಷ್ಟರಲ್ಲೇ ಅಳಿಸಿಹೋಗಿದ್ದ.

"ಬೇರೆ ಫೋಟೊ ಕೊಡು ಅಜ್ಜಿ, ಈಗಲೇ ಹೊಸದು ಮಾಡ್ತೀನಿ."

"ಎಲ್ಲಿಂದ ತರಲಿ? ನೀನು ಮಾಡಿದ್ದು ಟ್ರಾಮ್ ಡಿಪೊದ ಕಾರ್ಡಿಂದ. ಆ ಕಾರ್ಡು ಅವನ ಕೋಟಿನ ಜೇಬಲ್ಲಿಟ್ಟೆ, ಕೋಟು ಅವನ ಮೈಮೇಲಿದೆ." ಅವಳು ಉಸಿರು ತೆಗೆದುಕೊಂಡಳು. "ಮನೇಲಿರೋದು ಮದುವೆ ಫೋಟೊ ಒಂದೇ. ತಲೆ ತುಂಬ ಕೂದಲು. ಆ ಗಂಡಸನ್ನ ಈ ಬೀದೀಲಿ ನಾನೊಬ್ಬಳೇ ನೋಡಿರೋದು."

ಆರು ತಿಂಗಳ ಹಾಳೆ ಇನ್ನೂ ಕಟ್ಟಡದ ಬಾಗಿಲ ಮೇಲಿತ್ತು. ದೆತೆಲಿನ್ ಓಡಿಹೋಗಿ ನೋಡಿದ. ಚಿಕ್ಕಮ್ಮ ಪ್ರಿಂಟರಿಗೆ ತುಂಬಿಸುತ್ತಿದ್ದ ಅಗ್ಗದ ಮಸಿಯನ್ನು ಬಿಸಿಲು ತಿಂದು ಮುಗಿಸಿತ್ತು. ಹೆಸರು ಉಳಿದಿತ್ತು. ಮುಖದ ಜಾಗದಲ್ಲಿ ನೇರಳೆ ಬಣ್ಣದ ಒಂದು ಕಲೆ.

"ಮುಂದಿನ ಭಾನುವಾರ ವರ್ಷ ಆಗತ್ತೆ," ಅಂದಳು ರಾಯ್ನಾ ಅಜ್ಜಿ. ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಗೋಧಿ ಬೇಯಿಸಬೇಕು, ವಾಲ್‌ನಟ್ ಕುಟ್ಟಬೇಕು. ಎಲ್ಲ ಮಾಡ್ತೀನಿ. ಮುಖ ಇಲ್ದೆ ಯಾರನ್ನ ಕರೀಲಿ?"

*

"ನಿಂದೇ ತಪ್ಪು," ಅಂದಳು ವೆನೆತಾ.

"ನಂದೇ. ಆದ್ರೆ ಇವತ್ತು ಒಂದು ಮುಖ ಹೋಯ್ತು. ನಾಳೆ ಆ ಡಿಸ್ಕು ಗಕ್ ಅಂದ್ರೆ ನಾಲ್ಕು ಸಾವಿರ ಮುಖ ಹೋಗತ್ತೆ. ಮೂರು ವರ್ಷದಿಂದ ಬಾಯಿ ಬಡ್ಕೊಂಡೆ, ಒಂದು ಸ್ಟೋರೇಜ್ ಪೆಟ್ಟಿಗೆ ತಗೊಳ್ಳೋಣ, ಎರಡು ಡಿಸ್ಕಿಂದು, ಒಂದು ಸತ್ರೂ ಇನ್ನೊಂದಿರತ್ತೆ ಅಂತ. ನೀನು ರೂಟರ್ ಹಿಂದೆ ತೂತಿದೆಯಲ್ಲ, ಅದಕ್ಕೇ ಚುಚ್ಚು ಅಂದೆ."

"ತೂತು ಇತ್ತಲ್ಲ ಮತ್ತೆ."

"ಆ ತೂತಿಗೆ ಚುಚ್ಚಿದ್ರೂ ಅದೇ ಒಂದು ಡಿಸ್ಕು ಚಿಕ್ಕಮ್ಮ. ಜಾಗ ಬದಲಾಯಿಸಿದ್ರೆ ಅದು ಎರಡಾಗಲ್ಲ."

ವೆನೆತಾ ಕಾಫಿ ಕಪ್ಪು ಕೆಳಗಿಟ್ಟು ಎದ್ದಳು. ಪರದೆಯ ಹಿಂದೆ ಹೋಗಿ ಬಿಸ್ಕತ್ತಿನ ಡಬ್ಬಿ ಬಿಚ್ಚುವ ಸದ್ದು ಕೇಳಿಸಿತು. ಹಲ್ಲು ಕಟ್ಟಿಸಲು ಇಟ್ಟಿದ್ದ ದುಡ್ಡು ಅದು. ಎರಡು ವರ್ಷದಿಂದ ಅವಳು ಎಡಗಡೆಯೇ ಅಗಿಯುತ್ತಿದ್ದಳು.

"ನಾಲ್ಕು ನೂರು ಲೆವ. ಅದರ ಮೇಲೆ ಒಂದು ಸ್ತೊತಿಂಕಾ ಕಾಸೂ ಇಲ್ಲ," ಅಂದಳು. "ಮತ್ತೆ ನಾನೂ ಬರ್ತೀನಿ. ನಿನ್ನೊಬ್ಬನ್ನೇ ಬಿಟ್ರೆ ಅಂಗಡಿಯವನ ಜೊತೆ ಜಗಳಾಡಿ ಬರೀ ಕೈಲಿ ಬರ್ತೀಯ."

ಅಂಗಡಿ ವರ್ತುಲ ರಸ್ತೆಯ ಆಚೆ, ಗಾಜಿನ ಕಟ್ಟಡದಲ್ಲಿ. ಮಾರುವವನು ಟೈ ಕಟ್ಟಿದ್ದ. ಟೈ ಕಟ್ಟಿದವರನ್ನು ಕಂಡರೆ ದೆತೆಲಿನ್‌ಗೆ ಹತ್ತನೇ ತರಗತಿಯಿಂದಲೂ ಆಗುತ್ತಿರಲಿಲ್ಲ. ಟೈ ಕಟ್ಟಿದವನೊಬ್ಬನೇ ಅವನನ್ನು ತರಗತಿಯ ಮುಂದೆ ನಿಲ್ಲಿಸಿ, ನಿನ್ನಂಥವನಿಗೆ ಸಲಿಕೆಯೇ ಸರಿ ಅಂದಿದ್ದ.

"ಪೆಟ್ಟಿಗೆ ಯಾಕೆ?" ಅಂದ ಟೈ. "ಈಗೆಲ್ಲ ಕ್ಲೌಡ್. ತಿಂಗಳಿಗೆ ಇಷ್ಟು ಅಂತ ಕಟ್ತಾ ಹೋದ್ರೆ ಆಯ್ತು."

"ಕಟ್ಟೋದು ನಿಲ್ಲಿಸಿದ್ರೆ?" ಅಂದಳು ವೆನೆತಾ.

"ನಿಲ್ಲಿಸಿದ್ರೆ... ಕೆಲವು ದಿನ ಇಟ್ಟಿರ್ತಾರೆ."

"ಸ್ಮಶಾನದಲ್ಲೇ ದುಡ್ಡು ಕಟ್ಟದಿದ್ರೂ ಎಂಟು ವರ್ಷ ಗೋರಿ ಇಟ್ಟಿರ್ತಾರಪ್ಪ."

ಟೈ ನಾಲ್ಕು ಡಿಸ್ಕಿನ ಪೆಟ್ಟಿಗೆ ತೋರಿಸಿದ. ಬೆಲೆ ನೋಡಿ ವೆನೆತಾ ಪಕ್ಕದ ಫ್ರಿಜ್ಜುಗಳ ಕಡೆ ತಿರುಗಿಕೊಂಡಳು. ಆಮೇಲೆ ಒಂದು ಡಿಸ್ಕಿನದು ತೋರಿಸಿದ, ಬಿಳಿ, ಪುಸ್ತಕದಂತೆ ತೆಳ್ಳಗೆ. ಬೆಲೆ ಕೈಗೆಟಕುವಂತಿತ್ತು. ವೆನೆತಾಳ ಮುಖ ಅರಳಿತು. ದೆತೆಲಿನ್ ಅದನ್ನು ತಿರುಗಿಸಿ ನೋಡಿದ.

"ಯುಎಸ್‌ಬಿ ಎಲ್ಲಿ?"

"ಅದರಲ್ಲಿಲ್ಲ. ಯಾಕೆ ಬೇಕು? ಜಾಲದ ಮೂಲಕವೇ ಕಳಿಸಬಹುದಲ್ಲ."

"ನಮ್ಮ ಬೀದೀಲಿ ಅಜ್ಜಿಯರು ಜಾಲದ ಮೂಲಕ ಕಳಿಸಲ್ಲ. ಪೆನ್‌ಡ್ರೈವ್ ಕರವಸ್ತ್ರದಲ್ಲಿ ಗಂಟು ಹಾಕ್ಕೊಂಡು ಬರ್ತಾರೆ," ಅಂದ ದೆತೆಲಿನ್. ದನಿ ಏರುತ್ತಿತ್ತು. "ಯುಎಸ್‌ಬಿ ಬೇಕು. ಅದೂ ಮುಂದೆ ಬೇಕು. ಎರಡು ಡಿಸ್ಕು ಬೇಕು. ನಾಲ್ಕು ನೂರರೊಳಗೆ ಬೇಕು. ಇದ್ರೆ ತೋರಿಸು, ಇಲ್ದಿದ್ರೆ ಇಲ್ಲ ಅನ್ನು."

ವೆನೆತಾ ಅವನ ತೋಳು ಚಿವುಟಿದಳು. ಅವಳ ಕಣ್ಣು ಮೂಲೆಯ ಮೇಜಿನ ಮೇಲಿತ್ತು. ಅಲ್ಲೊಂದು ಬೂದುಬಣ್ಣದ ಪೆಟ್ಟಿಗೆ, ಎರಡು ಸಣ್ಣ ಬ್ರೆಡ್ಡು ಒಟ್ಟಿಗೆ ನಿಲ್ಲಿಸಿದಷ್ಟು ಗಾತ್ರ, ವೈರು ಜೋಡಿಸಿಕೊಂಡು ಹಸಿರು ದೀಪ ಮಿಟುಕಿಸುತ್ತ ಕೂತಿತ್ತು. ಮುಂದುಗಡೆ ಯುಎಸ್‌ಬಿ ಕಿಂಡಿ, ಅದರ ಮೇಲೊಂದು ಗುಂಡಿ. ಮುಚ್ಚಳಕ್ಕೆ ಉದ್ದಕ್ಕೆ ಗೀರು ಬಿದ್ದಿತ್ತು.

"ಅದು ಪ್ರದರ್ಶನಕ್ಕೆ ಇಟ್ಟಿದ್ದು. ಹೋದ ವರ್ಷದ್ದು," ಅಂದ ಟೈ. "ಹೊಸದು ಬಂದಿದೆ."

"ಆ ಗುಂಡಿ ಏನು?"

"ಪೆನ್‌ಡ್ರೈವ್ ಹಾಕಿ ಅದನ್ನ ಒತ್ತಿದ್ರೆ ತಾನೇ ಕಾಪಿ ಮಾಡ್ಕೊಳ್ಳತ್ತೆ. ಕಂಪ್ಯೂಟರ್ ಬೇಡ."

ವೆನೆತಾ ಚೀಲದಿಂದ ಪೆನ್‌ಡ್ರೈವ್ ತೆಗೆದಳು. ಕೇಳಲಿಲ್ಲ, ನೇರ ಚುಚ್ಚಿ ಗುಂಡಿ ಒತ್ತಿದಳು. ದೀಪ ಮಿಟುಕಿತು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಕುಂಯ್ ಅಂತು. ಮತ್ತೆ ಒತ್ತಿದಳು. ಮತ್ತೆ ಕುಂಯ್. ದೆತೆಲಿನ್ ಪಕ್ಕದ ಪರದೆಯಲ್ಲಿ ತೆರೆದು ನೋಡಿದ. ಎರಡು ಫೋಲ್ಡರುಗಳು, ಒಂದೊಂದಕ್ಕೂ ತಾರೀಖು, ಗಂಟೆ, ನಿಮಿಷ. ಒಳಗೆ ಅವೇ ಫೋಟೊಗಳು, ಅವೇ ಹೆಸರುಗಳು. ಒಂದರ ಮೇಲೊಂದು ಕೂತಿರಲಿಲ್ಲ. ಪಕ್ಕಪಕ್ಕ ಇದ್ದವು.

"ಹೌದಾ ಅಲ್ವಾ ಅಂತ ಕೇಳಲೇ ಇಲ್ಲ," ಅಂದಳು ವೆನೆತಾ ನಿಧಾನಕ್ಕೆ.

"ಕೇಳಲ್ಲ. ಬಂದದ್ದನ್ನ ಬಂದ ಹಾಗೆ ಇಟ್ಕೊಳ್ಳತ್ತೆ."

"ನಮಗೆ ಬೇಕಾಗಿದ್ದು ಇದೇ." ಅವಳು ಟೈ ಕಡೆ ತಿರುಗಿ ಗೀರಿನ ಮೇಲೆ ಬೆರಳಿಟ್ಟಳು. "ಮಗಾ, ಇದನ್ನ ಯಾರು ಹೀಗೆ ಗೀರಿದ್ದು? ಬೆಕ್ಕಾ? ಗೀರಿಗೆ ಎಷ್ಟು ಬಿಡ್ತೀಯ?"

ಡಿಸ್ಕು ಎರಡೂ ಸೇರಿ ಮುನ್ನೂರ ತೊಂಬತ್ತಕ್ಕೆ ಬಂತು. ಬಸ್ಸಿನಲ್ಲಿ ವೆನೆತಾ ಅದನ್ನು ತೊಡೆಯ ಮೇಲಿಟ್ಟುಕೊಂಡು, ಉಳಿದ ಹತ್ತು ಲೆವದಲ್ಲಿ ಕೊಂಡ ಮೆತ್ತಗಿನ ಚೀಸ್ ರೊಟ್ಟಿ ಬಿಚ್ಚಿದಳು. ಎಡಗಡೆಯಿಂದ ಅಗಿದಳು.

*

ಪೆಟ್ಟಿಗೆಯನ್ನು ಎಲ್ಲಿಡುವುದು ಅಂತ ಇಬ್ಬರಿಗೂ ಒಂದು ಗಂಟೆ ಜಗಳವಾಯಿತು. ಕೊನೆಗೆ ಕಿಟಕಿಯಲ್ಲೇ ಇಟ್ಟರು, ಸರಳುಗಳ ಒಳಗೆ, ಯುಎಸ್‌ಬಿ ಕಿಂಡಿ ಬೀದಿಗೆ ಮುಖ ಮಾಡಿ.

"ಕದ್ರೆ?"

"ಕದಿಯೋನೂ ಬಗ್ಗಬೇಕಲ್ಲ," ಅಂದಳು ವೆನೆತಾ. "ಅಷ್ಟರಲ್ಲಿ ನೀನು ಬೂಟು ನೋಡಿ ಯಾರು ಅಂತ ಹೇಳಲ್ವಾ?"

ಹಳೇ ಡಿಸ್ಕಿನ ನಾಲ್ಕು ಸಾವಿರ ಮುಖಗಳು ಮೊದಲು ಅದರೊಳಗೆ ಹೋದವು. ಮೇಲಿನ ಮಹಡಿಯ ಅವರ ಮನೆಯ ಟೀವಿಯೂ ಅದೇ ರೂಟರಿನ ಜಾಲದಲ್ಲಿತ್ತು. ದೆತೆಲಿನ್ ರಿಮೋಟ್ ಒತ್ತಿ ನೋಡಿದ. ನೆಲಮಾಳಿಗೆಯಲ್ಲಿ ಇಟ್ಟದ್ದು ಮೇಲೆ ಸೋಫಾದ ಮುಂದೆ ಬಂತು. ಅವನಿಗೆ ಬಹಳ ದಿನದ ಮೇಲೆ, ಯಾರ ಮೇಲೂ ಸಿಟ್ಟಿಲ್ಲದ ಐದು ನಿಮಿಷ ಸಿಕ್ಕಿತು.

ಮಿಂಚೊ ಮಾತ್ರ ಅದರಲ್ಲಿರಲಿಲ್ಲ. ಸಾಯುವ ತನಕ ಆ ಬೀದಿಯ ಫೋಟೊ ತೆಗೆದವನು ಅವನೇ. ಟ್ರಾಮ್ ಓಡಿಸಿ ನಿವೃತ್ತನಾದ ಮೇಲೆ ಒಂದು ಸಣ್ಣ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ತಿರುಗುತ್ತಿದ್ದ. ಯಾರ ಮಗುವಿನ ನಾಮಕರಣ, ಯಾರ ಹೆಸರಿನ ಸಂತನ ಹಬ್ಬ, ಎಲ್ಲಕ್ಕೂ ಹೋಗಿ ತೆಗೆಯುವುದು, ಪೆನ್‌ಡ್ರೈವಿಗೆ ಹಾಕಿ ಪುಕ್ಕಟೆ ಕೊಡುವುದು. ಕ್ಯಾಮೆರಾದ ಹಿಂದೆ ನಿಂತವನು ಯಾವ ಫೋಟೊದಲ್ಲೂ ಬರುವುದಿಲ್ಲ. ಆದರೆ ಯಾರಾದರೂ ಒಬ್ಬರು ಒಂದು ಸಲವಾದರೂ ಕ್ಯಾಮೆರಾ ಕಿತ್ತುಕೊಂಡಿರಬೇಕು ಅಂತ ದೆತೆಲಿನ್‌ಗೆ ಅನ್ನಿಸಿತು.

ಅವನು ಅದೇ ಹಾಳೆಯನ್ನು ತೆರೆದ. ಅದೇ ಕಪ್ಪು ಅಂಚು, ಅದೇ ಹೆಸರು. ಮೊಮ್ಮಗನ ಮುಖ ತೆಗೆದು ಚೌಕಟ್ಟು ಖಾಲಿ ಬಿಟ್ಟ. ಕೆಳಗೆ ಬರೆದ: 'ಇಲ್ಲಿ ಇರಬೇಕಾದ ಮುಖವನ್ನು ಕಳೆದವನು ನಾನು. ಮಿಂಚೊ ತೆಗೆದುಕೊಟ್ಟ ಫೋಟೊಗಳ ಪೆನ್‌ಡ್ರೈವ್ ನಿಮ್ಮಲ್ಲಿದ್ದರೆ ಕಿಟಕಿಗೆ ತನ್ನಿ. ಚುಚ್ಚಿ, ಗುಂಡಿ ಒತ್ತಿ, ಕುಂಯ್ ಅನ್ನುವವರೆಗೆ ಕಾಯಿರಿ. ದೆತೆಲಿನ್, ಜೆರಾಕ್ಸ್.' ಏಳೂ ಕಡೆ ಮೊಮ್ಮಗನ ಮೇಲೆ ಇದನ್ನು ಅಂಟಿಸಿ ಬಂದ.

ಸೋಮವಾರ ಬೂಟುಗಳು ಬಂದವು. ಮೊಣಕಾಲು ಮಡಿಸುವ ಸದ್ದು, ನರಳುವ ಸದ್ದು, ಆಮೇಲೆ ಕುಂಯ್. ಬೇಕರಿಯ ಬೆಳ್ಳಗಿನ ಚಪ್ಪಲಿ. ಸ್ತೆಫ್ಕಾಳ ಕೆಂಪು ಬೂಟು. ಕೊಳಾಯಿ ರಿಪೇರಿಯವನ ಕೆಸರು ಬೂಟು: "ಇದರಲ್ಲಿ ಸಮುದ್ರ ಅಂತ ಒಂದು ಫೋಲ್ಡರ್ ಇದೆ. ಅದನ್ನ ತೆರೀಬೇಡ ಮಾರಾಯ."

"ಯಾಕೆ?"

"ನನ್ನ ಹೆಂಡ್ತಿ ಅದರಲ್ಲಿಲ್ಲ."

ಗುರುವಾರ ಮಧ್ಯಾಹ್ನಕ್ಕೆ ಮೂವತ್ತೊಂದು ಪೆನ್‌ಡ್ರೈವ್ ಆಗಿತ್ತು. ರಾಯ್ನಾ ಅಜ್ಜಿ ಮೇಲಿನ ಮನೆಯ ಸೋಫಾದಲ್ಲಿ ಕನ್ನಡಕ ಹಾಕಿಕೊಂಡು ಕೂತಳು, ಮಡಿಲಲ್ಲಿ ವಾಲ್‌ನಟ್ ತಟ್ಟೆ. ಟೀವಿಯಲ್ಲಿ ಬೀದಿಯ ಹದಿನೈದು ವರ್ಷ ಸರಿಯುತ್ತ ಹೋಯಿತು. ಎಲ್ಲರೂ ಇದ್ದರು. ಸತ್ತವರು ಇದ್ದರು, ಊರು ಬಿಟ್ಟವರು ಇದ್ದರು, ದೆತೆಲಿನ್ ಹಲ್ಲಿಲ್ಲದ ಎಂಟು ವರ್ಷದವನಾಗಿ ಹಿಮದ ಮೇಲೆ ಬಿದ್ದಿದ್ದ. ಮಿಂಚೊ ಇರಲಿಲ್ಲ. ಒಂದರ ಮೂಲೆಯಲ್ಲಿ ಹೆಬ್ಬೆರಳು. ಇನ್ನೊಂದರಲ್ಲಿ, ಯಾರದೋ ಮದುಮಗಳ ಬಿಳಿ ಬಟ್ಟೆಯ ಮೇಲೆ, ಉದ್ದನೆಯ ನೆರಳು.

"ನಿಲ್ಲಿಸು," ಅಂದಳು ರಾಯ್ನಾ ಅಜ್ಜಿ. ಅಂಗಿಯ ತುದಿಯಿಂದ ಕನ್ನಡಕ ಒರೆಸಿಕೊಂಡಳು. "ಅವನೇ. ಮೊಣಕೈ ನೋಡು, ಎರಡೂ ಕಡೆ ಚಾಚಿದೆ. ಟ್ರಾಮ್ ಓಡಿಸೋವಾಗ್ಲೂ ಹೀಗೇ."

ನೆರಳಿನ ಫೋಟೊಗಳು ಒಂಬತ್ತು ಸಿಕ್ಕವು. ಮುಖ ಒಂದರಲ್ಲೂ ಇರಲಿಲ್ಲ.

"ನೆರಳನ್ನೇ ಹಾಕಿಬಿಡು ಬೇಕಾದ್ರೆ," ಅಂದಳು ಅಜ್ಜಿ ಕೊನೆಗೆ. ಅಷ್ಟು ಮೆಲ್ಲಗೆ ಅಂದದ್ದಕ್ಕೆ ದೆತೆಲಿನ್ ಎದ್ದು ಅಡಿಗೆಮನೆಗೆ ಹೋಗಿ ಗೋಡೆಗೆ ಗುದ್ದಿದ. ಕೈಯಷ್ಟೇ ನೋಯಿತು.

*

ಶುಕ್ರವಾರ ಕಂದು ಬೂಟುಗಳು ಕಿಟಕಿಯ ಮುಂದೆ ಮೂರು ಸಲ ಹಾದುಹೋದವು. ಕನ್ನಡಿಯಂತೆ ಹೊಳೆಯುವ ಬೂಟು. ಮೂರನೇ ಮಹಡಿಯ ಇಂಜಿನಿಯರ್ ಸ್ಪಾಸ್‌ನವು. ಅವನೂ ಮಿಂಚೊನೂ ಒಂಬತ್ತು ವರ್ಷ ಮಾತು ಬಿಟ್ಟಿದ್ದರು ಅಂತ ಇಡೀ ಕಟ್ಟಡಕ್ಕೆ ಗೊತ್ತಿತ್ತು. ಕಾರಣ ಮೆಣಸಿನಕಾಯಿ. ಸೆಪ್ಟೆಂಬರ್ ಬಂತೆಂದರೆ ಮಿಂಚೊ ಅಂಗಳದಲ್ಲಿ ಕರೆಂಟಿನ ಹುರಿಯುವ ಒಲೆ ಇಟ್ಟುಕೊಂಡು, ಮೂಟೆಗಟ್ಟಲೆ ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು ಸಿಪ್ಪೆ ತೆಗೆಯುತ್ತಿದ್ದ. ಅದರ ಹೊಗೆ ನೇರ ಸ್ಪಾಸ್‌ನ ಕಿಟಕಿಗೆ.

ನಾಲ್ಕನೇ ಸಲ ಬೂಟು ನಿಂತಿತು. ಇಸ್ತ್ರಿ ಮಾಡಿದ ಪ್ಯಾಂಟು ಮಡಿಸಿಕೊಂಡು ಸ್ಪಾಸ್ ಬಗ್ಗಿದ. ಅವನು ಆ ಕಿಟಕಿಗೆ ಬಗ್ಗಿದ್ದು ಅದೇ ಮೊದಲು.

"ಇದಕ್ಕೆ ಹಾಕಬೇಕಾ?"

"ಹಾಕಿ ಇಂಜಿನಿಯರ್ ಸಾಹೇಬ್ರೆ. ನಿಮಗೂ ಅವರು ಫೋಟೊ ತೆಗೆದುಕೊಟ್ಟಿದ್ರಾ?"

"ಅವನೆಲ್ಲಿ ಕೊಡ್ತಾನೆ. ಇದು ನಾನು ತೆಗೆದಿದ್ದು." ಸ್ಪಾಸ್ ಪೆನ್‌ಡ್ರೈವನ್ನು ಎರಡು ಸಲ ತಪ್ಪಾಗಿ ಚುಚ್ಚಿ ಮೂರನೇ ಸಲ ಸರಿಯಾಗಿ ಚುಚ್ಚಿದ. "ಕಟ್ಟಡದ ಕಮಿಟಿಗೆ ದೂರು ಕೊಡೋಕೆ. ಸಾಕ್ಷಿಗೆ."

ಕುಂಯ್.

ದೆತೆಲಿನ್ ತೆರೆದ. ಹದಿನಾಲ್ಕು ಫೋಟೊ. ಹೊಗೆ, ಒಲೆ, ನೀರಿನ ಬಕೆಟ್ಟು, ನೆಲದ ಮೇಲೆ ಸಿಪ್ಪೆಯ ರಾಶಿ, ಮೀಟರಿಗೆ ಹೋದ ವೈರು, ಮಿಂಚೊನ ಬೆನ್ನು, ಮತ್ತೆ ಬೆನ್ನು. ಹದಿಮೂರನೆಯದರಲ್ಲಿ ಮಿಂಚೊ ತಿರುಗಿದ್ದ. ತಲೆಗೆ ಕಾಗದದ ಟೋಪಿ, ಮೂಗಿನ ಮೇಲೆ ಮಸಿ, ಬಾಯಿ ತುಂಬ ನಗು, ಮೇಲಿನ ಸಾಲಿನಲ್ಲಿ ಒಂದು ಹಲ್ಲಿಲ್ಲ. ಕೈ ನೇರ ಮುಂದಕ್ಕೆ ಚಾಚಿತ್ತು. ಫೋರ್ಕಿನ ತುದಿಯಲ್ಲಿ ಆಗ ತಾನೇ ಸಿಪ್ಪೆ ತೆಗೆದ ಮೆಣಸಿನಕಾಯಿ ತೊಟ್ಟಿಕ್ಕುತ್ತಿತ್ತು. ಫೋಟೊ ತೆಗೆಯುತ್ತಿದ್ದವನಿಗೆ ಕೊಡುತ್ತಿದ್ದ.

ದೆತೆಲಿನ್ ಆ ಫೋಟೊವನ್ನು ದೊಡ್ಡದು ಮಾಡಿದ. ಆಮೇಲೆ ಕೇಳಿದ:

"ತಗೊಂಡ್ರಾ?"

"ಏನು?"

"ಮೆಣಸಿನಕಾಯಿ."

ಸರಳುಗಳ ಆಚೆ ಸ್ಪಾಸ್ ತನ್ನ ಮೊಣಕಾಲಿನ ಧೂಳು ಕೊಡವುತ್ತಿದ್ದ.

"ಉಪ್ಪು ಕಮ್ಮಿಯಿತ್ತು," ಅಂದ. ಪೆನ್‌ಡ್ರೈವ್ ಕಿತ್ತುಕೊಳ್ಳುವುದನ್ನು ಮರೆತು ಎದ್ದುಹೋದ.

*

ರಾಯ್ನಾ ಅಜ್ಜಿ ಟೀವಿಯ ಹತ್ತಿರ ಹೋಗಿ ನಿಂತಳು. ತುಂಬ ಹೊತ್ತು ನಿಂತಳು. ವೆನೆತಾ ಕುರ್ಚಿ ತಂದರೂ ಕೂರಲಿಲ್ಲ.

"ನನ್ನ ಹತ್ರ ಜಗಳ ಆಡಿದ್ದ ಆವತ್ತು," ಅಂದಳು. "ಸ್ಪಾಸನ ಮೂತಿಗೆ ಮಸಿ ಬಳೀತೀನಿ ಅಂತ ಕೆಳಗೆ ಹೋಗಿದ್ದ."

"ಕೈ, ಫೋರ್ಕು ಎಲ್ಲ ಕತ್ತರಿಸಿ, ಮುಖ ಮಾತ್ರ ಇಡ್ತೀನಿ ಅಜ್ಜಿ," ಅಂದ ದೆತೆಲಿನ್. "ಮಸೀನೂ ತೆಗೀಬಹುದು. ಟೋಪಿನೂ. ಅಚ್ಚುಕಟ್ಟಾಗತ್ತೆ."

"ಹಲ್ಲು ಹಾಕ್ತೀಯಾ?"

"ಬೇಕಾದ್ರೆ ಹಾಕ್ತೀನಿ."

"ಏನೂ ಬೇಡ," ಅಂದಳು ಅಜ್ಜಿ. "ಕತ್ತರಿಸಲೂಬೇಡ. ಹಂಗೇ ಇರ್ಲಿ."

"ಈ ಥರ ಹಾಳೆ ಯಾರೂ ಹಾಕಲ್ಲ," ಅಂದಳು ವೆನೆತಾ. "ಪಾದ್ರಿ ಏನಂತಾರೋ."

"ಪಾದ್ರಿಗೂ ಒಂದು ಬಾಟಲಿ ಮೆಣಸಿನಕಾಯಿ ಕೊಟ್ಟಿದ್ದ ಮಿಂಚೊ. ಸುಮ್ನಿರ್ತಾರೆ."

ವೆನೆತಾ ತುಟಿ ಬಿಗಿದಳು. ಆಮೇಲೆ ಪರ್ಸ್ ತೆಗೆದು ದೆತೆಲಿನ್‌ನ ಕೈಗೆ ಇಪ್ಪತ್ತು ಲೆವದ ನೋಟು ತುರುಕಿದಳು. "ಹೋಗಿ ಒಳ್ಳೇ ಮಸಿ ತಗೊಂಡು ಬಾ. ಅಸಲಿದು. ಬಿಸಿಲು ತಿನ್ನಬಾರದು."

ಅವನು ಫೈಲನ್ನು ಉಳಿಸಿದ. ಹೆಸರು ಹಾಕಿದ, ಜೊತೆಗೆ ತಾರೀಖು ಹಾಕಿದ. ವೆನೆತಾ ಅವನ ಹೆಗಲ ಮೇಲಿಂದ ನೋಡಿ, "ಇಸವೀನೂ ಹಾಕು," ಅಂದಳು.

ಭಾನುವಾರ ಬೆಳಗ್ಗೆ ಸ್ಮಶಾನಕ್ಕೆ ಹೊರಡುವ ಮುಂಚೆ ದೆತೆಲಿನ್ ನೆಲಮಾಳಿಗೆಗೆ ಇಳಿದ. ಕಿಟಕಿಯಲ್ಲಿ ಪೆಟ್ಟಿಗೆಯ ಹಸಿರು ದೀಪ ಮಿಟುಕುತ್ತಿತ್ತು. ಮೇಲೆ ರಾಯ್ನಾ ಅಜ್ಜಿಯ ಮನೆಯಿಂದ ಬೇಯಿಸಿದ ಗೋಧಿ, ಸುಟ್ಟ ಸಕ್ಕರೆಯ ವಾಸನೆ ಬರುತ್ತಿತ್ತು. ಹೊಸ ಹಾಳೆ ಕಿಟಕಿಯ ಪಕ್ಕದ ಗೋಡೆಯ ಮೇಲೂ ಇತ್ತು. ಅವನಿಗೆ ಒಳಗಿಂದ ಅದು ಕಾಣುತ್ತಿರಲಿಲ್ಲ, ಅದರ ಮುಂದೆ ನಿಲ್ಲುವ ಕಾಲುಗಳು ಮಾತ್ರ ಕಾಣುತ್ತಿದ್ದವು. ಸಾಮಾನ್ಯವಾಗಿ ಬೂಟುಗಳು ಹಾಳೆಯ ಮುಂದೆ ಒಂದು ಕ್ಷಣ ನಿಧಾನಿಸಿ ಮುಂದೆ ಹೋಗುತ್ತವೆ. ಇವತ್ತು ಪೂರ್ತಿ ನಿಲ್ಲುತ್ತಿದ್ದವು. ಬೇಕರಿಯ ಚಪ್ಪಲಿ ನಿಂತಿತು. ಕೆಂಪು ಬೂಟು ನಿಂತಿತು, ಮೇಲಿನಿಂದ ಸಣ್ಣದೊಂದು ನಗು ಕೇಳಿತು.

ಅವು ಹೋದ ಮೇಲೆ ಕಂದು ಬೂಟುಗಳು ಬಂದವು. ಗೋಡೆಗೆ ಮೂತಿ ಮಾಡಿ ನಿಂತವು. ಗಾಳಿ ಬೀಸಿತು, ಹಾಳೆಯ ಮೇಲಿನ ಒಂದು ಮೂಲೆ ಎದ್ದು ಪಟಪಟ ಬಡಿದುಕೊಂಡಿತು. ಎಡಗಡೆಯ ಬೂಟು ಅರ್ಧ ಹೆಜ್ಜೆ ಮುಂದೆ ಹೋಯಿತು. ಆಮೇಲೆ ಎರಡೂ ಹಿಮ್ಮಡಿಗಳು ನೆಲ ಬಿಟ್ಟು ಮೇಲೆದ್ದವು. ಬಡಿಯುವ ಸದ್ದು ನಿಂತಿತು. ಹಿಮ್ಮಡಿಗಳು ಬಹಳ ಹೊತ್ತು ಹಾಗೇ ಮೇಲೆಯೇ ಇದ್ದವು.